ಗಣಕಯಂತ್ರದ ನಕ್ಷೆಗಾರಿಕೆ: ಮೊದಲು ತಿಳಿಯತಕ್ಕ ಪದಗಳು

ಪ್ರೌಢಶಾಲೆಯನ್ನು ಮುಗಿಸಿ ನಕ್ಷೆಗಾರಿಕೆಯನ್ನು ಕಲಿಯಹೋಗುವ ನಮ್ಮ ಹೆಣ್ಣುಮಕ್ಕಳು ಗಣಕಯಂತ್ರದ ಮುಂದೆ ಕುಳಿತೊಡನೆ ಎದೆಗುಂದುವುದುಂಟು. ಅವರಿಗೆ ಕಠಿಣವಾಗಿ ತೋರುವುದು ರೇಖೆಯಲ್ಲ, ಪದಗಳು. ಆದರೆ ಆ ಪದಗಳ ಅರ್ಥವು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ನಮ್ಮ ಕಣ್ಣೆದುರಿಗೇ ಇದೆ. ಆದಕಾರಣ ಮುಖ್ಯವಾದ ಕೆಲವನ್ನು ಇಲ್ಲಿ ವಿವರಿಸುವೆವು.

ಕ್ಯಾಡ್ ಎಂದರೆ ಗಣಕಯಂತ್ರದ ನೆರವಿನಿಂದ ನಕ್ಷೆ ತೆಗೆಯುವ ವಿದ್ಯೆ. ೧೯೬೩ರಲ್ಲಿ ಅಮೆರಿಕದ ಐವನ್ ಸದರ್ಲೆಂಡರು ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬರೆಯುವ ಕ್ರಮವನ್ನು ತೋರಿಸಿಕೊಟ್ಟರು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಆಟೋಕ್ಯಾಡ್ ೧೯೮೨ರಲ್ಲಿ ಹೊರಬಂದಿತು.

ಪ್ಲಾನು: ಕಟ್ಟಡವನ್ನು ಮೇಲಿನಿಂದ ನೋಡಿದಂತೆ ಬರೆದ ನಕ್ಷೆ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಅರಮನೆಗೆ ಇಂದು ಮಾಡಿಲ್ಲ. ಕಲ್ಲಿನ ತಳಪಾಯಗಳು ಉಳಿದಿವೆ. ಕೋಣೆ ಎಲ್ಲಿತ್ತು, ಬಾಗಿಲು ಎಲ್ಲಿತ್ತು ಎಂಬುದನ್ನು ಅವುಗಳಿಂದಲೇ ಓದಬಹುದು. ಪ್ಲಾನು ಹೇಳುವುದೂ ಇಷ್ಟನ್ನೇ.

ಎಲಿವೇಷನ್: ಎದುರು ನಿಂತಾಗ ಕಾಣುವ ಮುಖದ ನಕ್ಷೆ, ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮುಂಭಾಗವನ್ನು ನೆನೆಯಿರಿ. ಸೆಕ್ಷನ್ ಎಂದರೆ ಹಲಸಿನ ಹಣ್ಣನ್ನು ಸೀಳಿದಾಗ ಒಳಗು ಕಾಣುವಂತೆ, ಕಟ್ಟಡವನ್ನು ಸೀಳಿ ನೋಡಿದ ನಕ್ಷೆ.

ಅರೇ: ಒಂದು ಆಕೃತಿಯನ್ನು ಸಾಲುಸಾಲಾಗಿ ನೆಡುವುದು. ಅಡಿಕೆ ಮರಗಳಿಗೆ ೨.೭ ಮೀಟರು ಅಂತರವು ವಾಡಿಕೆ. ಒಂದು ವೃತ್ತವನ್ನು ಬರೆದು, ಹತ್ತು ಅಡ್ಡಸಾಲು, ಹತ್ತು ಉದ್ದಸಾಲು ಹಾಗೂ ಅಂತರವನ್ನು ತಿಳಿಸಿದರೆ ನೂರು ಮರಗಳ ತೋಟವು ಸಿದ್ಧ. ಸಾಲಿನ ಮೊದಲ ಮರದಿಂದ ಹತ್ತನೆಯದಕ್ಕೆ ಒಂಬತ್ತೇ ಎಡೆಗಳು. ಆದುದರಿಂದ ದೂರವು ೨೪.೩ ಮೀಟರೆಂಬುದನ್ನು ಮರೆಯಬಾರದು.

ಯೂನಿಟ್: ಅಳತೆಯ ಮೂಲಮಾನ. ಮಿಲ್ಲಿಮೀಟರಿನ ನಕ್ಷೆಯಲ್ಲಿ ಆ ಅಂತರವನ್ನು ೨೭೦೦ ಎಂದು ಬರೆಯತಕ್ಕದ್ದು. ೨.೭ ಎಂದು ಬರೆದರೆ ಮರಗಳ ನಡುವೆ ಅಕ್ಕಿಕಾಳಿನ ಉದ್ದದಷ್ಟೂ ಎಡೆಯಿರದು, ಯಂತ್ರವು ಆಕ್ಷೇಪಿಸದು.

ಸ್ಕೇಲು: ಯಂತ್ರದೊಳಗೆ ವಸ್ತುವನ್ನು ಅದರ ನಿಜವಾದ ಅಳತೆಯಲ್ಲಿಯೇ ಬರೆಯುವೆವು. ಕಾಗದಕ್ಕೆ ಇಳಿಸುವಾಗ ಮಾತ್ರ ಕಿರಿದುಗೊಳಿಸುವೆವು. ನೂರಕ್ಕೊಂದರ ಸ್ಕೇಲಿನಲ್ಲಿ ಒಂದು ಮೀಟರು ಗೋಡೆಯು ಒಂದು ಸೆಂಟಿಮೀಟರಾಗುವುದು.

ಲೇಯರು: ಒಂದರ ಮೇಲೊಂದಿಟ್ಟ ಪಾರದರ್ಶಕ ಹಾಳೆಗಳಂಥದು. ಗೋಡೆ, ನೀರಿನ ಕೊಳವೆ, ವಿದ್ಯುತ್ ತಂತಿ ಇವುಗಳಿಗೆ ಬೇರೆಬೇರೆ ಲೇಯರುಗಳಿದ್ದರೆ, ಬೇಡದುದನ್ನು ಮರೆಮಾಡಬಹುದು.

ಸ್ನ್ಯಾಪು: ರೇಖೆಯ ತುದಿಯನ್ನು ಇನ್ನೊಂದರ ತುದಿಗೆ ತಪ್ಪದೆ ಕೂಡಿಸುವ ಅನುಕೂಲ. ಕಣ್ಣಳತೆಯಿಂದ ಕೂಡಿಸಿದ ಮೂಲೆಯಲ್ಲಿ ಕೂದಲೆಳೆಯ ಬಿರುಕು ಉಳಿಯಬಹುದು.

ಪದಗಳ ವಿಷಯದಲ್ಲಿ ಇಷ್ಟು ಎಚ್ಚರವೇಕೆಂದರೆ, ನಕ್ಷೆಯನ್ನು ನಂಬಿ ಮೇಸ್ತ್ರಿಯು ಗೋಡೆ ಕಟ್ಟುವನು. ಒಂದು ಕುಟುಂಬವು ವರುಷಗಳ ಉಳಿತಾಯವನ್ನು ಅದಕ್ಕೆ ಹಾಕುವುದು. ತಪ್ಪು ಅಂಕೆಯನ್ನು ಅಳಿಸುವುದು ಸುಲಭ, ತಪ್ಪು ಗೋಡೆಯನ್ನು ಕೆಡಹುವುದು ಸುಲಭವಲ್ಲ. ಆದುದರಿಂದ ತಾಯಿತಂದೆಯರು ಮಗಳನ್ನು, “ಎಷ್ಟು ಪದ ಕಲಿತೆಯಮ್ಮಾ?” ಎಂದು ಕೇಳುವುದಕ್ಕಿಂತ, ಕೈಗೆ ಅಳತೆಪಟ್ಟಿಯನ್ನು ಕೊಟ್ಟು, “ನಮ್ಮ ಅಡಿಗೆಮನೆಯ ಪ್ಲಾನನ್ನು ಬರೆದು ತೋರಿಸು” ಎಂದು ಹೇಳಲಿ. ಆಕೆಯ ಕಲಿಕೆಗೂ ಧೈರ್ಯಕ್ಕೂ ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾವು ಕಾಣೆವು.