ಹೊಗೆಗೂ ಒಂದು ಖಾತೆ

ಮಗಳೇ,

ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಆಯ್ಕೆಯಾದೆ ಎಂದು ಕೇಳಿ ಮನಸ್ಸು ತುಂಬಿ ಬಂತು. ಸಾಲ ಕೊಡುವ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತವನ ಒಂದು ಮಾತು ಕೇಳಿಸಿಕೋ.

ನೂರು ಜನರಿಗೆ ಸಾಲ ಕೊಟ್ಟರೆ ನಾಲ್ಕೈದು ಸಾಲ ಸುಸ್ತಿಯಾಗಬಹುದು, ಉಳಿದವರು ಕಟ್ಟುವ ಬಡ್ಡಿಯಲ್ಲಿ ಬ್ಯಾಂಕು ತಾಳಿಕೊಳ್ಳುತ್ತದೆ. ಎಲ್ಲರೂ ಒಟ್ಟಿಗೆ ಬೀಳುವುದಿಲ್ಲ ಎಂಬ ನಂಬಿಕೆಯ ಮೇಲೇ ನಮ್ಮ ಕಸುಬು ನಿಂತಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆ ಉಕ್ಕಿದಾಗ ಆ ನಂಬಿಕೆ ಕುಸಿದದ್ದನ್ನು ಕಣ್ಣಾರೆ ಕಂಡೆ. ಕಬ್ಬು ಬೆಳೆದ ರೈತ, ಅವನಿಗೆ ಗೊಬ್ಬರ ಉದ್ರಿ ಕೊಟ್ಟ ಅಂಗಡಿಯವ, ಟ್ರ್ಯಾಕ್ಟರ್ ಬಾಡಿಗೆಯವ, ಮೂವರೂ ನಮ್ಮ ಸಾಲಗಾರರೇ. ಒಂದೇ ವಾರದಲ್ಲಿ ಮೂವರೂ ಕೈಚೆಲ್ಲಿದರು. ಅಡಮಾನ ಬರೆಸಿಕೊಂಡಿದ್ದ ಮನೆಯ ಗೋಡೆಯೇ ಉಳಿದಿರಲಿಲ್ಲ. 2023ರಲ್ಲಿ ಬರ ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಇಂಥ ಹೊತ್ತಿನಲ್ಲಿ ಸಾಲದ ಕಂತನ್ನು ಮುಂದೂಡುತ್ತೇವೆ, ಮುಂದೂಡಲೇಬೇಕು. ಆದರೆ ಠೇವಣಿ ಇಟ್ಟವರು ಬಂದು ಕೇಳಿದ ದಿನ ಹಣ ಎಣಿಸಿ ಕೊಡಲೂಬೇಕು.

ಆ ನೆರೆಯನ್ನೋ ಬರವನ್ನೋ ಇಂಗಾಲದ ಹೊಗೆಯೊಂದೇ ತಂದಿತು ಎನ್ನಲಾರೆ. ಆದರೆ ಆ ಹೊಗೆಯಿಂದ ಭೂಮಿ ಒಂದು ಡಿಗ್ರಿ ಬಿಸಿಯೇರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಮಳೆ ಸುರಿದರೆ ಒಮ್ಮೆಲೇ ಸುರಿಯುತ್ತದೆ.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುವಂಥದ್ದು. ಕಲ್ಲಿದ್ದಲು ನಂಬಿದ ಕಾರ್ಖಾನೆಗೆ ಇಂದು ಇಪ್ಪತ್ತು ವರ್ಷದ ಸಾಲ ಕೊಡುತ್ತೀ ಎಂದುಕೋ. ನಡುವೆ ಕಾನೂನು ಬದಲಾದರೆ, ಗಿರಾಕಿ ಬೇರೆಡೆ ಹೋದರೆ, ಯಂತ್ರಗಳು ಕೆಟ್ಟಿರುವುದಿಲ್ಲ, ಬೆಲೆ ಮಾತ್ರ ಇರುವುದಿಲ್ಲ. ಯುರೋಪು ಆಮದು ಮಾಡಿಕೊಳ್ಳುವ ಉಕ್ಕು, ಸಿಮೆಂಟಿನ ಇಂಗಾಲಕ್ಕೆ 2026ರಿಂದ ಬೆಲೆ ಕಟ್ಟತೊಡಗಿದೆ. ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದ ಮಾರ್ಕ್ ಕಾರ್ನಿ ಈ ಎರಡೂ ಅಪಾಯಗಳ ಬಗ್ಗೆ 2015ರಲ್ಲೇ ಎಚ್ಚರಿಸಿದ್ದರು. ಈ ವಿಷಯಕ್ಕೆಂದೇ ಕೇಂದ್ರೀಯ ಬ್ಯಾಂಕುಗಳು ಕಟ್ಟಿಕೊಂಡ ಕೂಟಕ್ಕೆ ನಮ್ಮ ರಿಸರ್ವ್ ಬ್ಯಾಂಕ್ 2021ರಲ್ಲಿ ಸೇರಿತು. ಹವಾಮಾನದ ಅಪಾಯವನ್ನು ಬ್ಯಾಂಕುಗಳು ಬಹಿರಂಗಪಡಿಸಬೇಕೆಂಬ ಕರಡನ್ನು 2024ರಲ್ಲಿ ಹೊರಡಿಸಿತು.

ಹಾಗಾಗಿ, ಸ್ಥಳ ತನಿಖೆಗೆ ಹೋದಾಗ ಪಹಣಿ ನೋಡಿದರೆ ಸಾಲದು. ನೀರು ಎಲ್ಲಿಯವರೆಗೆ ಬಂದಿತ್ತು, ಬಾವಿ ಯಾವ ವರ್ಷ ಬತ್ತಿತು ಎಂದು ಊರ ಹಿರಿಯರನ್ನು ಕೇಳು. ದೊಡ್ಡ ಉದ್ಯಮಿ ಬಂದರೆ ಈ ವರ್ಷದ ಲಾಭದ ಜೊತೆಗೆ ಅವರು ಸುಡುವ ಇಂಧನವೇನು, ಅದನ್ನು ಬಿಡುವ ದಾರಿಯೇನು ಎಂದು ಕೇಳು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಅಪಾಯವೆಂದು ಹೆದರಿ ಒಣಭೂಮಿಯ ಬಡ ರೈತನಿಗೆ ಬಾಗಿಲು ಮುಚ್ಚಬೇಡ. ಉಗುಳಿದ ಹೊಗೆಯಲ್ಲಿ ಅವನ ಪಾಲು ತೀರ ಕಡಿಮೆ. ಬ್ಯಾಂಕು ಕೈಬಿಟ್ಟರೆ ಅವನು ಹೋಗುವುದು ಮೀಟರ್ ಬಡ್ಡಿಯವನ ಬಳಿಗೆ. ಅವನಿಗೆ ಕೃಷಿ ಹೊಂಡಕ್ಕೆ, ಹನಿ ನೀರಾವರಿಗೆ, ಸೌರ ಪಂಪ್‌ಸೆಟ್ಟಿಗೆ ಸಾಲ ಕೊಡು. ಅವನು ಬರ ತಡೆದುಕೊಂಡರೆ ನಿನ್ನ ಸಾಲವೂ ತಡೆದುಕೊಳ್ಳುತ್ತದೆ.

ನೀನು ಇಂದು ಸಹಿ ಹಾಕುವ ಸಾಲ ತೀರುವ ಹೊತ್ತಿಗೆ ನಿನ್ನ ತಲೆಯಲ್ಲೂ ನರೆ ಮೂಡಿರುತ್ತದೆ. ಆಗಿನ ಮಳೆ ಹೇಗಿರುತ್ತದೆ ಎಂಬುದರಲ್ಲಿ ನಿನ್ನ ಸಹಿಯ ಪಾಲೂ ಇರುತ್ತದೆ. ಪೆನ್ನು ಹಿಡಿದಾಗಲೆಲ್ಲ ಇದನ್ನು ನೆನೆ.