ಹಳೇ ಕಾರಿಗೆ ಹೊಸ ಬಣ್ಣವೇ? ಮೊದಲು ತಗಡು ನೋಡಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹಳೆಯ ಮಾರುತಿ 800 ಇಟ್ಟುಕೊಂಡವರು ಇನ್ನೂ ಇದ್ದಾರೆ. 2014ರಲ್ಲೇ ತಯಾರಿಕೆ ನಿಂತರೂ ಮಾರಲು ಮನಸ್ಸು ಬಾರದು. ಹಾಗಂತ ಬಣ್ಣ ಮಾಸಿದ ಕೂಡಲೇ ಇಡೀ ಗಾಡಿಗೆ ಪೇಂಟ್ ಹೊಡೆಸಬೇಡಿ.

ನಮ್ಮ ಬಿಸಿಲಿಗೆ ಬಾನೆಟ್, ಟಾಪ್ ಮೊದಲು ಮಂಕಾಗುತ್ತವೆ. ಬರೀ ಹೊಳಪು ಹೋಗಿದ್ದರೆ ರಬ್ಬಿಂಗ್, ಪಾಲಿಶ್ ಸಾಕು. ಬಣ್ಣ ಗುಳ್ಳೆಯೆದ್ದಿದ್ದರೆ ಅಡಿಯಲ್ಲಿ ತುಕ್ಕಿರಬಹುದು. ಬಾಗಿಲ ಕೆಳಅಂಚು, ಮ್ಯಾಟ್ ಅಡಿಯ ತಳ ನೋಡಿ. ಬಟ್ಟೆ ಸುತ್ತಿದ ಅಯಸ್ಕಾಂತ ತಗಡಿಗೆ ಹಿಡಿಯದಿದ್ದರೆ ಅಲ್ಲಿ ದಪ್ಪ ಪುಟ್ಟಿ ತುಂಬಿದ್ದಾರೆ ಎನ್ನಿ. ತುಕ್ಕು ತೆಗೆಯದೆ ಹೊಡೆದ ಬಣ್ಣ ಬಹಳ ದಿನ ನಿಲ್ಲದು.

ಕಬ್ಬಿನ ಹಂಗಾಮಿನಲ್ಲಿ ರಸ್ತೆಯ ಧೂಳು ಹಸಿ ಬಣ್ಣಕ್ಕೆ ಕೂರುತ್ತದೆ. ಬಯಲಲ್ಲಿ ಹೊಡೆಸದೆ, ಮುಚ್ಚಿದ ಬೂತ್ ಇರುವಲ್ಲಿಗೆ ಒಯ್ಯಿರಿ. ಟಿಂಕರಿಂಗ್, ಪ್ರೈಮರ್, ಪೇಂಟ್‌ಗಳ ಖರ್ಚನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಿ.

ಸಾಧ್ಯವಾದರೆ ಮೂಲ ಬಣ್ಣವನ್ನೇ ಉಳಿಸಿ. ಬೇರೆ ಬಣ್ಣ ಬೇಕಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಬೇಕು. ಕೆಎ-48 ಗಾಡಿಯವರು ಜಮಖಂಡಿಯ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ. 15 ವರ್ಷ ತುಂಬಿದ ಗಾಡಿಯಾದರೆ ನೋಂದಣಿ ನವೀಕರಣದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಬ್ರೇಕ್, ಇಂಜಿನ್, ತಳ ಗಟ್ಟಿಯಿದ್ದರೆ ಬಣ್ಣಕ್ಕೆ ಹಾಕಿದ ದುಡ್ಡು ದಂಡವಲ್ಲ.