ಚೌಕವನ್ನು ತಿರುಗಿಸಿದಾಗ

ಬೆಂಗಳೂರಿನ ಚಂದ್ರಾ ಲೇಔಟಿನ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದುಹೋಗುವವರು ಎಂಟು ಮೂಲೆಗಳ ನಕ್ಷತ್ರದ ರಂಗೋಲಿಯನ್ನು ಯಾವುದಾದರೊಂದು ಮನೆಯ ಮುಂದೆ ಕಂಡೇ ಇರುತ್ತಾರೆ. ಒಂದು ಚೌಕ; ಅದರ ಮೇಲೆ ಅಷ್ಟೇ ದೊಡ್ಡದಾದ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟಂತೆ. ಇದನ್ನು ಬರೆಯುವ ತಾಯಿ ಕೈವಾರವನ್ನಾಗಲಿ ಕೋನಮಾಪಕವನ್ನಾಗಲಿ ಮುಟ್ಟುವುದಿಲ್ಲ. ಚುಕ್ಕಿಗಳೇ ಆಕೆಯ ಅಳತೆಗೋಲು. ಅದೇ ಹೊತ್ತಿಗೆ ಮನೆಯೊಳಗೆ ಮಗನು ಪೈಥಾಗೊರಸನ ಪ್ರಮೇಯವನ್ನು ಬಾಯಿಪಾಠ ಮಾಡುತ್ತಿರುತ್ತಾನೆ. ಮುಂದೆ ಅವನು ನಮ್ಮ ಭೌತವಿಜ್ಞಾನದ ತರಗತಿಗೆ ಬಂದಾಗ ಪ್ರಮೇಯವನ್ನು ತಪ್ಪಿಲ್ಲದೆ ಒಪ್ಪಿಸುತ್ತಾನೆ. ಆದರೆ ಕಂಡರಿಯದ ಆಕೃತಿಯೊಂದನ್ನು ಕರಿಹಲಗೆಯ ಮೇಲೆ ಬರೆದು, ಇದರಲ್ಲಿ ಲಂಬಕೋನ ತ್ರಿಭುಜ ಎಲ್ಲಿದೆ ಎಂದು ಕೇಳಿದರೆ ಸುಮ್ಮನಾಗುತ್ತಾನೆ. ಹೊಸ್ತಿಲ ಹೊರಗಿನ ರೇಖಾಗಣಿತಕ್ಕೂ ಒಳಗಿನ ರೇಖಾಗಣಿತಕ್ಕೂ ಬಳಕೆ ತಪ್ಪಿರುವುದೇ ಇದಕ್ಕೆ ಕಾರಣವೆಂದು ನಾವು ಭಾವಿಸುತ್ತೇವೆ. ಆದುದರಿಂದ ಆ ರಂಗೋಲಿಯಿಂದಲೇ ಪಾಠವನ್ನು ತೊಡಗೋಣ.

ನಡುವಿನ ಚುಕ್ಕಿಯಿಂದ ಬಲಕ್ಕೆ ಎರಡು ಚುಕ್ಕಿ, ಅಲ್ಲಿಂದ ಮೇಲಕ್ಕೆ ಎರಡು ಚುಕ್ಕಿ ಎಣಿಸಿದರೆ ನೆಟ್ಟಗಿರುವ ಚೌಕದ ಮೂಲೆ ಸಿಕ್ಕುತ್ತದೆ. ನಡುವಿನಿಂದ ನೇರವಾಗಿ ಮೂರು ಚುಕ್ಕಿ ಎಣಿಸಿದರೆ ಓರೆ ಚೌಕದ ಮೂಲೆ. ಮೊದಲನೆಯದರ ದೂರ 8ರ ವರ್ಗಮೂಲ, ಅಂದರೆ 2.83, ಎರಡನೆಯದು 3. ಕಣ್ಣಿಗೆ ಸಮನಾಗಿ ಕಂಡ ಚೌಕಗಳು ನಿಜವಾಗಿ ಸಮವಲ್ಲ! ಎರಡು ಮತ್ತು ಮೂರರ ಬದಲು ಐದು ಮತ್ತು ಏಳು ಚುಕ್ಕಿಗಳನ್ನು ತೆಗೆದುಕೊಂಡರೆ ದೂರಗಳು 7.07 ಮತ್ತು 7. ವ್ಯತ್ಯಾಸ ಶೇಕಡ ಒಂದಕ್ಕೆ ಇಳಿಯಿತು. ಆದರೆ ಎಷ್ಟೇ ಚುಕ್ಕಿಗಳನ್ನಿಟ್ಟರೂ ವ್ಯತ್ಯಾಸ ಸೊನ್ನೆಯಾಗದು. 2ರ ವರ್ಗಮೂಲವು ಯಾವ ಭಿನ್ನರಾಶಿಗೂ ಸಮನಲ್ಲವೆಂಬ ಮಾತಿಗೆ ಅಂಗಳದಲ್ಲಿ ದೊರೆಯುವ ಅರ್ಥ ಇದೇ.

ಸರಿಯಾದ ನಕ್ಷತ್ರ ಬೇಕಾದರೆ ಚುಕ್ಕಿಯನ್ನು ಬಿಟ್ಟು ಚೌಕವನ್ನೇ ತಿರುಗಿಸಬೇಕು. ಕರ್ಣವು 20 ಸೆಂ.ಮೀ. ಇರುವಂತೆ ಒಂದು ರಟ್ಟಿನ ಚೌಕವನ್ನು ಕತ್ತರಿಸಿರಿ. ಅದರ ಬಾಹು 14.14 ಸೆಂ.ಮೀ. ಆಗುತ್ತದೆ. ನಟ್ಟನಡುವೆ ಗುಂಡುಸೂಜಿ ಚುಚ್ಚಿ, ಸುತ್ತ ಗೆರೆ ಎಳೆದು, 45 ಅಂಶ ತಿರುಗಿಸಿ ಮತ್ತೆ ಗೆರೆ ಎಳೆಯಿರಿ. ಈಗ ಒಂದು ಚೌಕವು ಇನ್ನೊಂದರ ಪ್ರತಿ ಬಾಹುವನ್ನೂ ಮೂರು ತುಂಡು ಮಾಡಿದೆ. ಅಂಚಿನ ತುಂಡುಗಳೆರಡೂ ಸಮ. ಒಂದೊಂದನ್ನೂ 'ಕ' ಎನ್ನೋಣ. ನಡುವಿನ ತುಂಡು, 'ಕ' ಬಾಹುಗಳುಳ್ಳ ಲಂಬಕೋನ ತ್ರಿಭುಜದ ಕರ್ಣ. ಆದುದರಿಂದ ಅದು 1.414 ಕ. ಮೂರನ್ನೂ ಕೂಡಿದರೆ 3.414 ಕ = 14.14; ಕ = 4.14 ಸೆಂ.ಮೀ. ನಕ್ಷತ್ರದ ಹೊರಗೆರೆಯಲ್ಲಿ ಇಂತಹ ಹದಿನಾರು ತುಂಡುಗಳಿವೆ, ಸುತ್ತಳತೆ 66.3 ಸೆಂ.ಮೀ. ಒಂಟಿ ಚೌಕದ ಸುತ್ತಳತೆ 56.6 ಸೆಂ.ಮೀ. ಇದ್ದಿತೆಂಬುದನ್ನು ನೆನಪಿನಲ್ಲಿಡಿರಿ.

ಇದೇ ಎರಡು ಚೌಕಗಳನ್ನು ಕಲ್ಲುಗಾರೆಯಲ್ಲಿ ನೋಡಬೇಕಾದರೆ ವಿಜಯಪುರದ ಗೋಳಗುಮ್ಮಟಕ್ಕೆ ಹೋಗಬೇಕು. ಪ್ರವಾಸಿಗಳು ಅಲ್ಲಿ ಪ್ರತಿಧ್ವನಿಯ ಆಸೆಗೆ ಗಂಟಲು ಹರಿಯುವಂತೆ ಕೂಗುತ್ತಾರೆ. ಕೆಳಗಡೆ ನಿಂತು ತಲೆಯೆತ್ತಿ ಕಮಾನುಗಳನ್ನು ನೋಡುವವರು ವಿರಳ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಒಳಾಂಗಣ, ಬಾಹು ಸುಮಾರು 41 ಮೀಟರ್ ಉಳ್ಳ ಚೌಕ. ನಡುವೆ ಒಂದು ಕಂಬವೂ ಇಲ್ಲ. ಚೌಕಾಕಾರದ ಗೋಡೆಗಳ ಮೇಲೆ ದುಂಡಾದ ಗುಮ್ಮಟವನ್ನು ಕೂರಿಸುವುದು ಹೇಗೆ? ಶಿಲ್ಪಿಯು ಗೋಡೆಗೆ ಎರಡರಂತೆ ಎಂಟು ಬಿಂದುಗಳನ್ನು ಹಿಡಿದು, ಒಂದು ಬಿಟ್ಟು ಒಂದಕ್ಕೆ ಕಮಾನು ಕಟ್ಟಿದನು. ಮೇಲಿನಿಂದ ನೋಡುವುದಾದರೆ ಈ ಎಂಟು ಕಮಾನುಗಳು ಒಂದನ್ನೊಂದು ಹೆಣೆದ ಎರಡು ಚೌಕಗಳು. ಅವುಗಳ ನಡುವೆ ಉಳಿಯುವುದು ಅಷ್ಟಭುಜ. ಕಮಾನಿನ ದಪ್ಪವನ್ನು ಬಿಟ್ಟು ಲೆಕ್ಕಹಾಕಿದರೆ 41 ಮೀಟರಿನ ತೆರಪು ಸುಮಾರು 31 ಮೀಟರಿಗೆ ಇಳಿಯುತ್ತದೆ. ಅಷ್ಟಭುಜವನ್ನು ವೃತ್ತಕ್ಕೆ ತಿದ್ದುವುದು ಕಷ್ಟವಲ್ಲ. ಇನ್ನೊಂದು ಲಾಭವೂ ಉಂಟು. ಗುಮ್ಮಟದ ಭಾರ ತನ್ನ ಬುಡವನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಚಾಚಿದ ಈ ಕಮಾನುಗಳ ಭಾರ ಒಳಕ್ಕೆ ಎಳೆದು ಅದನ್ನು ತಡೆಯುತ್ತದೆ.

ಅದಕ್ಕೂ ಸುಮಾರು ನಾಲ್ಕು ಶತಮಾನಗಳ ಹಿಂದೆ, ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕಾವೇರಿಯ ದಡದ ಸೋಮನಾಥಪುರದಲ್ಲಿ ಕಟ್ಟಿಸಿದ ಕೇಶವ ದೇವಾಲಯದಲ್ಲಿ ಚೌಕವು ಇನ್ನೂ ಹೆಚ್ಚು ಸುತ್ತು ತಿರುಗಿದೆ. ಅಲ್ಲಿಯ ಮೂರು ಗರ್ಭಗುಡಿಗಳ ಹೊರಗೋಡೆಯೂ ಹದಿನಾರು ಮೂಲೆಗಳ ನಕ್ಷತ್ರ. (ಒಂದು ಪಕ್ಕ ಮಂಟಪದ ಕಡೆಗೆ ಸೇರಿಹೋಗುವುದರಿಂದ ಎಣಿಸಲು ಹೋದವರಿಗೆ ಹದಿನಾರೂ ಸಿಕ್ಕುವುದಿಲ್ಲ.) ನಿಮ್ಮ ರಟ್ಟನ್ನು 22½ ಅಂಶದಂತೆ ತಿರುಗಿಸಿ ನಾಲ್ಕು ಚೌಕಗಳನ್ನು ಎಳೆದರೆ ಅದೇ ಆಕೃತಿ ಮೂಡುತ್ತದೆ. ನೋಟಕ್ಕೆ ಎಷ್ಟು ಜಟಿಲವಾಗಿದ್ದರೂ ಹೊರಚಾಚಿದ ಪ್ರತಿಯೊಂದು ಮೂಲೆಯೂ ಯಾವುದೋ ಒಂದು ಚೌಕದ ಮೂಲೆ, ಆದುದರಿಂದ ಲಂಬಕೋನ. ಅವನ್ನೆಲ್ಲ ತಿದ್ದಲು ಕಲ್ಲುಕುಟಿಗನಿಗೆ ಒಂದೇ ಮೂಲೆಮಟ್ಟ ಸಾಕು.

ಈ ನಕ್ಷತ್ರದ ಸುತ್ತಳತೆಗೆ ತ್ರಿಕೋನಮಿತಿ ಬೇಕು. ಕೇಂದ್ರ, ಒಂದು ತುದಿ, ಅದರ ಪಕ್ಕದ ಒಳಮೂಲೆ ಇವುಗಳನ್ನು ಸೇರಿಸಿದ ತ್ರಿಭುಜದಲ್ಲಿ ಕೇಂದ್ರದ ಕೋನ 11¼ ಅಂಶ, ತುದಿಯದು 45 ಅಂಶ, ಉಳಿದುದು 123¾ ಅಂಶ. ತುದಿಗೂ ಕೇಂದ್ರಕ್ಕೂ ದೂರ 10 ಸೆಂ.ಮೀ. ಸೈನ್ ನಿಯಮದಂತೆ ಒಂದು ತುಂಡು 2.35 ಸೆಂ.ಮೀ.; ಮೂವತ್ತೆರಡು ತುಂಡುಗಳು ಸೇರಿ 75.1 ಸೆಂ.ಮೀ. ಒಂಟಿ ಚೌಕಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚು ಗೋಡೆ! ಮೂರ್ತಿಗಳನ್ನು ಕಡೆಯುವವನಿಗೆ ಅಷ್ಟು ಹೆಚ್ಚು ಕಲ್ಲಿನ ಮುಖ ದೊರೆಯಿತು. ಬಿಸಿಲಿಗೆ ಒಂದು ಮುಖ ಬೆಳಗಿದಾಗ ಪಕ್ಕದ ಮುಖ ನೆರಳಾಗಿ ನಿಲ್ಲುವಂತೆಯೂ ಆಯಿತು.

ಎಂಟು ಚೌಕಗಳಾದರೆ ಸುತ್ತಳತೆ 81.2, ಹದಿನಾರಾದರೆ 84.8 ಸೆಂ.ಮೀ. ಹೀಗೆಯೇ ಹೆಚ್ಚಿಸುತ್ತ ಹೋದರೆ ಆಕೃತಿಯು 10 ಸೆಂ.ಮೀ. ತ್ರಿಜ್ಯದ ವೃತ್ತವಾಗಿಬಿಟ್ಟಂತೆ ಕಾಣುತ್ತದೆ. ವೃತ್ತದ ಪರಿಧಿ 62.8 ಸೆಂ.ಮೀ. ಮಾತ್ರ. ಆದರೆ ನಮ್ಮ ಸುತ್ತಳತೆ 62.8ರ ಕಡೆಗೆ ಬಾರದೆ 88.9ರ ಕಡೆಗೆ ಹೋಗುತ್ತದೆ! ತಪ್ಪು ಲೆಕ್ಕದಲ್ಲಿಲ್ಲ. ಹಲ್ಲುಗಳು ಎಷ್ಟೇ ಸಣ್ಣವಾದರೂ ಅವುಗಳ ಗೆರೆಗಳು ವೃತ್ತಕ್ಕೆ ಸುಮಾರು 45 ಅಂಶ ಓರೆಯಾಗಿಯೇ ಉಳಿಯುತ್ತವೆ. ವೃತ್ತದ ಮೇಲೆ ಒಂದು ಹೆಜ್ಜೆ ಮುಂದೆ ಹೋಗಲು ಓರೆಯಲ್ಲಿ 1.414 ಹೆಜ್ಜೆ ನಡೆಯಬೇಕು, 62.8ನ್ನು ಇದರಿಂದ ಗುಣಿಸಿರಿ. ವಕ್ರರೇಖೆಯ ಉದ್ದ ಅಳೆಯುವಾಗ ಬಿಂದುಗಳು ಸಮೀಪಿಸಿದರೆ ಸಾಲದು, ದಿಕ್ಕೂ ಸಮೀಪಿಸಬೇಕೆಂದು ಕಲನಶಾಸ್ತ್ರದಲ್ಲಿ ಕಲಿಸುವುದು ಇದಕ್ಕಾಗಿಯೇ.

ವಾಚಕರಿಗೆ ಒಂದು ಅಭ್ಯಾಸ. ಅದೇ ರಟ್ಟನ್ನು 30 ಅಂಶದಂತೆ ತಿರುಗಿಸಿ ಮೂರು ಚೌಕಗಳನ್ನು ಎಳೆಯಿರಿ. ಹನ್ನೆರಡು ಮೂಲೆಗಳು ಬರುತ್ತವೆ. ಸುತ್ತಳತೆಯನ್ನು ಮೊದಲು ಲೆಕ್ಕದಿಂದ, ಆಮೇಲೆ ಗೆರೆಯ ಮೇಲೆ ನೂಲನ್ನಿಟ್ಟು ಕಂಡುಹಿಡಿಯಿರಿ. ಲೆಕ್ಕದಲ್ಲಿ 71.7 ಸೆಂ.ಮೀ. ಬರಬೇಕು; ನೂಲಿನಲ್ಲಿ ಒಂದೆರಡು ಮಿಲಿಮೀಟರ್ ಆಚೀಚೆ ಆದೀತು.